ಒಂದು ವಸ್ತುವಿಗೆ ಒಬ್ಬನೇ ಒಡೆಯ

ಸಾರ್ವಜನಿಕ ಲಿಫ್ಟುಗಳ ನಿಯಂತ್ರಣ ಇಲಾಖೆಯ ಕೇಂದ್ರ ಕಚೇರಿಯಲ್ಲಿ ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ಹನ್ನೊಂದು ನಿಮಿಷಗಳ ಕಾಲ ಯಾರೂ ಅಲುಗಾಡಕೂಡದೆಂಬ ನಿಯಮವು ಮೂವತ್ತೊಂದು ವರ್ಷಗಳಿಂದ ಜಾರಿಯಲ್ಲಿತ್ತು. ಆ ಹನ್ನೊಂದು ನಿಮಿಷಗಳಲ್ಲಿ ಹಿರಿಯ ಅಟೆಂಡರು ಕೈಗಾಡಿ ತಳ್ಳಿಕೊಂಡು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದ. ಕಣ್ಣಿಗೆ ಬಿದ್ದ ಒಂದೊಂದು ವಸ್ತುವನ್ನೂ ಎತ್ತಿ ಹಿಡಿದು, "ಇದು ಯಾರಿಗಾದ್ರೂ ಬೇಕಾ?" ಎಂದು ಕೇಳುತ್ತಿದ್ದ. ಒಬ್ಬರಾದರೂ ಬೇಕೆಂದರೆ ಅದು ಉಳಿಯುತ್ತಿತ್ತು, ಎಲ್ಲರೂ ಸುಮ್ಮನಿದ್ದರೆ ಗಾಡಿಗೆ ಬೀಳುತ್ತಿತ್ತು. ಅವನು ನೋಡಿ ಮುಗಿಸಿದ ಮೇಜಿಗೆ ಯಾರಾದರೂ ಹಿಂದಿನಿಂದ ಹೊಸ ಸಾಮಾನು ಸರಿಸಿಬಿಟ್ಟರೆ ಕೆಲಸ ಮೊದಲಿಂದ ಶುರುಮಾಡಬೇಕಾಗುತ್ತಿತ್ತು. ಹಾಗಾಗಿ ಆ ಹೊತ್ತಿನಲ್ಲಿ ಆಕಳಿಸುತ್ತಿದ್ದವರು ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು.

ಇದರಿಂದಾಗಿ ಅವನಿಗೆ ಬೇಕಪ್ಪ ಎಂಬ ಹೆಸರು ಬಿದ್ದಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸೇವಾ ಪುಸ್ತಕದಲ್ಲಿತ್ತು. ಸೇವಾ ಪುಸ್ತಕವು ಯಾವುದೋ ಹಳೆಯ ಸುತ್ತಿನಲ್ಲಿ ಯಾರೂ ಬೇಕೆನ್ನದೆ ಗಾಡಿಗೆ ಬಿದ್ದಿತ್ತು.

ಲಿಫ್ಟುಗಳನ್ನು ಓಡಿಸುವ ಪ್ರೋಗ್ರಾಮಿನೊಳಗೂ ಇಂಥದೇ ಒಬ್ಬ ಬೇಕಪ್ಪ ಇದ್ದನೆಂದು ತಿಳಿಯತಕ್ಕದ್ದು. ಯಂತ್ರದ ಮೆಮೊರಿಯಲ್ಲಿ ಬಳಸಿ ಬಿಟ್ಟ ಮಾಹಿತಿ ತುಂಬಿಕೊಂಡಾಗಲೆಲ್ಲ ಅವನು ಎಲ್ಲವನ್ನೂ ನಿಲ್ಲಿಸಿ, ಯಾವುದು ಬೇಕು ಯಾವುದು ಬೇಡ ಎಂದು ನೋಡಿ ಗುಡಿಸುತ್ತಿದ್ದ. ಅಷ್ಟು ಹೊತ್ತು ಊರಿನ ನಾನೂರ ಹನ್ನೆರಡು ಲಿಫ್ಟುಗಳೂ ಇದ್ದಲ್ಲೇ ನಿಲ್ಲುತ್ತಿದ್ದವು. ಜನ ಒಗ್ಗಿಹೋಗಿದ್ದರು. ಲಿಫ್ಟಿನೊಳಗೆ ಹಲ್ಲುನೋವಿಗೆ ಮದ್ದು ಹೇಳಿಕೊಟ್ಟವರುಂಟು, ಎರಡು ಮದುವೆಗಳ ಮಾತುಕತೆ ಆರನೇ ಮಹಡಿಯ ಹತ್ತಿರ ಮುಗಿದದ್ದೂ ಉಂಟು. ಆದರೆ ಒಂದು ದಿನ ಇಲಾಖೆಯ ನಿರ್ದೇಶಕರೇ ತಮ್ಮ ಅತ್ತೆಯವರೊಂದಿಗೆ ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ಒಂಬತ್ತು ನಿಮಿಷ ನಿಂತರು. ಆ ಒಂಬತ್ತು ನಿಮಿಷಗಳಲ್ಲಿ ಅತ್ತೆಯವರು ಏನೇನು ಹೇಳಿದರೆಂಬುದು ಕಡತದಲ್ಲಿಲ್ಲ. ಮರುದಿನ ಬೆಳಿಗ್ಗೆ ತುರ್ತು ಸಭೆ ಕರೆಯಲಾಯಿತು ಎಂಬುದಷ್ಟೇ ಇದೆ.

ಸಭೆಯಲ್ಲಿ ವಿಷಯ ಮಂಡಿಸಿದವರು ಪ್ರೋಗ್ರಾಂ ಶಾಖೆಯ ಮುಖ್ಯಸ್ಥೆ ಕನ್ನಡಕದ ಮೇಡಂ. ಆಕೆಗೆ ಮಾತು ಕಮ್ಮಿ, ಕೆಲಸ ಜಾಸ್ತಿ. ಈ ಕಾರಣಕ್ಕೆ ಇಲಾಖೆಯಲ್ಲಿ ಎಲ್ಲರಿಗೂ ಆಕೆಯ ಮೇಲೆ ಒಂದು ಅನುಮಾನವಿತ್ತು.

"ಸಾರ್, ಗುಡಿಸೋನೇ ಇಲ್ಲದ ಹೊಸ ಭಾಷೆ ಒಂದಿದೆ. ಅದರಲ್ಲಿ ಪ್ರೋಗ್ರಾಂ ಬರೆದ್ರೆ ಲಿಫ್ಟು ಮಧ್ಯದಲ್ಲಿ ನಿಲ್ಲಲ್ಲ."

"ಗುಡಿಸೋನಿಲ್ಲದಿದ್ರೆ ಕಸ ತುಂಬ್ಕೊಳ್ಳಲ್ವೇನ್ರೀ?" ಎಂದರು ನಿರ್ದೇಶಕರು.

"ಇಲ್ಲ ಸಾರ್. ಅಲ್ಲಿ ಒಂದು ವಸ್ತುವಿಗೆ ಒಬ್ಬನೇ ಒಡೆಯ. ಒಡೆಯ ಕೆಲಸ ಮುಗಿಸಿ ಆಚೆ ಹೋದ ಕ್ಷಣವೇ ಅವನ ವಸ್ತುನೂ ಇಲ್ಲವಾಗುತ್ತೆ. ಕಸ ಆಗೋಕೇ ಪುರುಸೊತ್ತಿರಲ್ಲ."

"ಅದೇ ವಸ್ತು ಇನ್ನೊಬ್ರಿಗೆ ಬೇಕಾದ್ರೆ?"

"ಎರವಲು ತಗೋಬಹುದು. ಬರೀ ನೋಡೋದಾದ್ರೆ ಎಷ್ಟು ಜನ ಬೇಕಾದ್ರೂ ತಗೊಳ್ಲಿ. ತಿದ್ದೋದಾದ್ರೆ ಒಬ್ರೇ, ಆಗ ಬೇರೆ ಯಾರೂ ನೋಡೋ ಹಾಗಿಲ್ಲ. ಒಬ್ರು ಓದ್ತಿರೋವಾಗ ಇನ್ನೊಬ್ರು ತಿದ್ದೋದ್ರಿಂದ ತಾನೇ ಎಡವಟ್ಟಾಗೋದು?"

"ನಿಯಮ ಮುರಿದ್ರೆ ಏನು ಶಿಕ್ಷೆ?"

"ಮುರಿಯೋಕಾಗಲ್ಲ ಸಾರ್. ಪ್ರೋಗ್ರಾಂ ಓಡೋಕೆ ಮುಂಚೆ ಒಬ್ಬ ಪರಿಶೀಲಕ ಪೂರ್ತಿ ಓದ್ತಾನೆ. ಒಂದು ತಪ್ಪಿದ್ರೂ ಓಡೋಕೇ ಬಿಡಲ್ಲ."

ನಿರ್ದೇಶಕರು ಎದ್ದು ನಿಂತರು. ಅವರ ಕಣ್ಣು ತುಂಬಿ ಬಂದಿತ್ತು. "ಯಂತ್ರದೊಳಗೆ ಇಷ್ಟು ಶಿಸ್ತು! ಹೊರಗೆ ನೋಡಿ, ನಮ್ಮ ಹಣೇಬರಹ. ಹೋದ ತಿಂಗಳು ಹದಿನಾಲ್ಕು ಕಡತ ಕಳೆದುಹೋಗಿದೆ. ಇವತ್ತಿಂದ ಇಡೀ ಕಚೇರಿನೇ ಈ ಪದ್ಧತಿಗೆ ತರೋಣ."

"ಸಾರ್, ಇದು ಮೆಮೊರಿಗೆ ಮಾತ್ರ..."

"ಒಳ್ಳೇದು ಎಲ್ಲಿದ್ರೂ ಒಳ್ಳೇದೇ ಮೇಡಂ. ಆ ಪುಸ್ತಕ ಕೊಡಿ ಇಲ್ಲಿ." ನಿರ್ದೇಶಕರು ಭಾಷೆಯ ಕೈಪಿಡಿಯನ್ನು ಅಲ್ಲೇ ಎಂಟನೇ ಪುಟದವರೆಗೆ ಓದಿ, ಸಾಕಾಯಿತೆಂದು ಮುಚ್ಚಿದರು.

ನೀರಿನ ಲೋಟಗಳ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದ ಬೇಕಪ್ಪನಿಗೆ ಅರ್ಧ ಅರ್ಥವಾಗಿತ್ತು. ಮಿಕ್ಕರ್ಧ ಮಧ್ಯಾಹ್ನದ ಸುತ್ತೋಲೆ ಓದಿದಾಗ ಆಯಿತು. ಅದರ ಕೊನೆಯ ಸಾಲು ಹೀಗಿತ್ತು: "ಮೇಲ್ಕಂಡ ಪದ್ಧತಿಯಲ್ಲಿ ಕಸವೇ ಉಂಟಾಗದ ಕಾರಣ, ಹಿರಿಯ ಅಟೆಂಡರರ ಮಧ್ಯಾಹ್ನದ ಸುತ್ತನ್ನು ಈ ಕೂಡಲೇ ನಿಲ್ಲಿಸತಕ್ಕದ್ದು. ಸದರಿ ಹುದ್ದೆಯನ್ನು ತೊಂಬತ್ತು ದಿನಗಳ ನಂತರ ರದ್ದುಪಡಿಸತಕ್ಕದ್ದು. ತೊಂಬತ್ತು ದಿನ ಸದರಿಯವರು ಸಂತೋಷವಾಗಿರತಕ್ಕದ್ದು."

ಬೇಕಪ್ಪನಿಗೆ ನೋವಾಯಿತು. ಮೂವತ್ತೊಂದು ವರ್ಷ ಕಚೇರಿಯವರ ಕಸವನ್ನೆಲ್ಲ ತನ್ನದೆಂದು ಹೊತ್ತವನು ಅವನು. ಒಂದು ದಿನವೂ ರಜೆ ಕೇಳಿದವನಲ್ಲ. ಆದರೂ ಅವನು ಸಂತೋಷವಾಗಿರುವ ಪ್ರಯತ್ನ ಮಾಡಿದ, ಏಕೆಂದರೆ ಅದು ಲಿಖಿತ ಆದೇಶವಾಗಿತ್ತು.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿ ಗೋಡೆಗೆ ಒರಗಿ ಕುಳಿತಳು. "ಅಯ್ಯೋ, ಇನ್ನು ದಿನವಿಡೀ ಮನೇಲೇ ಇರ್ತೀರಾ? ನೀವು ಭಾನುವಾರ ಒಂದು ದಿನ ಇದ್ರೇ ತಡ್ಕೊಳ್ಳೋಕಾಗಲ್ಲ. ನಾನು ಅರ್ಧ ಹೆಣೆದಿದ್ದ ಸ್ವೆಟರ್ ಬಿಸಾಕಿದ್ರಿ. ಅಡುಗೆಮನೆ ಡಬ್ಬಗಳನ್ನೆಲ್ಲ ಮುಚ್ಚಳ ಒಂದು ಕಡೆ, ಡಬ್ಬ ಒಂದು ಕಡೆ ಮಾಡಿದ್ರಿ. ಹೋದ ವಾರ ನನ್ನ ತಮ್ಮ ಸೋಫಾ ಮೇಲೆ ಮಲಗಿದ್ರೆ ಬೆರಳು ತೋರಿಸಿ 'ಇದು ಬೇಕಾ' ಅಂದ್ರಲ್ಲ!"

"ನೀನು ಬೇಕು ಅಂದ್ಯಲ್ಲ, ಬಿಟ್ಟೆ."

"ಹೇಳೋಕೆ ಸ್ವಲ್ಪ ತಡ ಮಾಡ್ದೆ ಅಂತ ಅವನು ಇನ್ನೂ ಮುನಿಸ್ಕೊಂಡಿದ್ದಾನೆ. ನೋಡಿ, ಏನಾದ್ರೂ ಮಾಡಿ, ಕೆಲಸ ಉಳಿಸ್ಕೊಳ್ಳಿ. ನಿಮ್ಮ ಕಾಲು ಹಿಡ್ಕೋತೀನಿ."

ಹೆಂಡತಿಯ ಪ್ರೀತಿ ಕಂಡು ಬೇಕಪ್ಪನ ಮನಸ್ಸು ಹಗುರವಾಯಿತು.

ಹೊಸ ಪದ್ಧತಿ ಸೋಮವಾರ ಜಾರಿಗೆ ಬಂತು. ಪ್ರತಿ ಕೋಣೆಯ ಬಾಗಿಲಲ್ಲಿ ಮರದ ಸುತ್ತಿಗೆ ಮತ್ತು ಗೋಣಿಚೀಲ ಹಿಡಿದ ಇಬ್ಬರು ಧಾಂಡಿಗರನ್ನು ನಿಲ್ಲಿಸಲಾಗಿತ್ತು. ಇವರಿಗೆ ವಿಲೇವಾರಿ ದಳವೆಂದು ಹೆಸರು. ಒಡೆಯ ಹೊಸ್ತಿಲು ದಾಟಿದ ಕೂಡಲೇ ಒಳಹೊಕ್ಕು ಅವನ ಒಡೆತನದಲ್ಲಿರುವುದನ್ನೆಲ್ಲ ಪುಡಿಮಾಡುವುದು ಇವರ ಕರ್ತವ್ಯ. ಸಂಜೆ ಐದಕ್ಕೆ ಎಲ್ಲವನ್ನೂ ಇಲಾಖೆಗೆ ಒಪ್ಪಿಸಿ ಮನೆಗೆ ಹೋಗಿ, ಬೆಳಿಗ್ಗೆ ಹತ್ತಕ್ಕೆ ಮರಳಿ ಪಡೆಯಬಹುದೆಂಬ ರಿಯಾಯಿತಿ ಇತ್ತು. ನಡುವೆ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ.

ಹತ್ತೂವರೆಗೆ ಟೈಪಿಸ್ಟಮ್ಮ ಕೈತೊಳೆಯಲು ಹೋದರು. ಮರಳಿ ಬರುವಷ್ಟರಲ್ಲಿ ಅವರ ಮೇಜು, ಕುರ್ಚಿ, ಕಂಪ್ಯೂಟರು, ಊಟದ ಡಬ್ಬಿ ಮತ್ತು ಇಪ್ಪತ್ತಾರು ಕಡತಗಳು ಗೋಣಿಚೀಲದಲ್ಲಿದ್ದವು. ಇಷ್ಟು ವರ್ಷ ಬಾಯಿಮಾತಿನಲ್ಲೇ ನಡೆಯುತ್ತಿದ್ದ ಕಡತ ವಿಲೇವಾರಿ ಒಂದೇ ಬೆಳಿಗ್ಗೆ ನಿಜವಾದದ್ದನ್ನು ಕಂಡು ನಿರ್ದೇಶಕರು ದಳದವರನ್ನು ತಮ್ಮ ಕೋಣೆಗೆ ಕರೆಸಿ ಬೆನ್ನು ತಟ್ಟಿದರು.

ಎರಡನೇ ದಿನದಿಂದ ಸಿಬ್ಬಂದಿ ಹುಷಾರಾದರು. ಹೊರಗೆ ಹೋಗುವವರು ಪಕ್ಕದವರಿಗೆ "ನನ್ನ ಕುರ್ಚಿ ನಿನ್ನದು, ನನ್ನ ಮೇಜು ನಿನ್ನದು" ಎಂದು ಒಡೆತನ ವರ್ಗಾಯಿಸಿ ಹೋಗತೊಡಗಿದರು. ಆದರೆ ವರ್ಗಾಯಿಸಿದ ಮೇಲೆ ಹಳೆಯ ಒಡೆಯನಿಗೆ ಆ ವಸ್ತುವಿನ ಹೆಸರೆತ್ತುವ ಹಕ್ಕೂ ಇಲ್ಲವೆಂದು ಸುತ್ತೋಲೆಯ ಆರನೇ ಕಲಮು ಹೇಳುತ್ತಿತ್ತು. ಮೂರನೇ ಮೇಜಿನ ಗುಮಾಸ್ತ ಇದನ್ನು ಎಲ್ಲರಿಗಿಂತ ಮೊದಲು ಓದಿಕೊಂಡಿದ್ದ.

"ನನ್ನ ಹೊಸ ಕುರ್ಚಿ ಬಿಡಪ್ಪಾ," ಎಂದರು ಟೈಪಿಸ್ಟಮ್ಮ, ಮರಳಿ ಬಂದು.

"ಯಾವ ಕುರ್ಚಿ ಅಕ್ಕಾ?" ಎಂದ ಗುಮಾಸ್ತ. ಅವನ ದನಿಯಲ್ಲಿ ಕಿಂಚಿತ್ತೂ ಕಪಟವಿರಲಿಲ್ಲ.

ವಾರ ಮುಗಿಯುವುದರೊಳಗೆ ಗುಮಾಸ್ತ ಹದಿನಾಲ್ಕು ಕುರ್ಚಿ, ಒಂಬತ್ತು ಮೇಜು, ಐದು ಫ್ಯಾನು, ಏಳು ಕೊಡೆಗಳ ಒಡೆಯನಾಗಿದ್ದ. ಇಡೀ ಕಚೇರಿಯಲ್ಲಿ ಅವನಷ್ಟು ಶ್ರೀಮಂತ ಇನ್ನೊಬ್ಬನಿರಲಿಲ್ಲ. ಆದರೆ ಅವನು ಹೊಸ್ತಿಲು ದಾಟಿದರೆ ಅಷ್ಟೂ ಪುಡಿಯಾಗುತ್ತಿತ್ತು. ಧಾಂಡಿಗರು ಅವನ ಮೇಲೆ ಕಣ್ಣಿಟ್ಟೇ ಕುಳಿತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಏಳು ಕೊಡೆಗಳಿದ್ದೂ ಹತ್ತರಿಂದ ಐದರವರೆಗೆ ಹೊರಗೆ ಕಾಲಿಡುವಂತಿರಲಿಲ್ಲ. ನೀರು ಕುಡಿಯುವುದನ್ನೇ ಬಿಟ್ಟ.

ಇನ್ನು ಪರಿಶೀಲಕರ ವಿಷಯ. ಇವರನ್ನು ನಿರ್ದೇಶಕರು ಪರೀಕ್ಷಾ ಮಂಡಳಿಯಿಂದ ಎರವಲು ತಂದಿದ್ದರು. ಯಾವ ಕೆಲಸವನ್ನೇ ಆಗಲಿ ಮಾಡುವ ಮೊದಲು, ಅದನ್ನು ಹೇಗೆ ಮಾಡುತ್ತೇವೆಂದು ಹೆಜ್ಜೆ ಹೆಜ್ಜೆಯಾಗಿ ಬರೆದು ಇವರಿಗೆ ಕೊಡಬೇಕು. ಅವರು ಯಾರ ಮೇಲೂ ಸಿಟ್ಟಾದವರಲ್ಲ. ಕೆಂಪು ಶಾಯಿಯಲ್ಲಿ ಬಾಣದ ಗುರುತು ಹಾಕಿ, ಮುದ್ದಾದ ಅಕ್ಷರಗಳಲ್ಲಿ ಷರಾ ಬರೆಯುತ್ತಿದ್ದರು. ಟಪಾಲು ಗುಮಾಸ್ತೆಯೊಬ್ಬಳು ಲಕೋಟೆಗೆ ಅಂಟು ಹಚ್ಚುವ ಯೋಜನೆ ಸಲ್ಲಿಸಿದಾಗ ಅವರು ಬರೆದ ಷರಾ ಇದು: "ಇಲ್ಲಿ ತಾವು ಅಂಟಿನ ಬಾಟಲಿಯನ್ನು ಎರವಲು ಪಡೆಯುತ್ತೀರಿ. ಇಲ್ಲಿ ಬಾಟಲಿಯ ಒಡೆಯರು ಚಹಾಕ್ಕೆ ಹೊರಡುತ್ತಾರೆ. ಬಾಟಲಿ ನಾಶವಾಗುತ್ತದೆ. ಇಲ್ಲಿ ತಾವು ಇಲ್ಲದ ಬಾಟಲಿಯೊಳಗೆ ಕುಂಚ ಅದ್ದುತ್ತಿದ್ದೀರಿ. ಯೋಜನೆ ತಿರಸ್ಕೃತ. ಸಲಹೆ: ಒಡೆಯರು ಚಹಾ ಬಿಡುವ ಬಗ್ಗೆ ಆಲೋಚಿಸಬಹುದು."

ಮೊದಲ ತಿಂಗಳಲ್ಲಿ ಆರುನೂರ ಎಂಟು ಯೋಜನೆಗಳು ಸಲ್ಲಿಕೆಯಾದವು. ಒಂದೂ ಮಂಜೂರಾಗಲಿಲ್ಲ. ಕೆಲಸವೇ ನಡೆಯದ್ದರಿಂದ ತಪ್ಪೂ ನಡೆಯಲಿಲ್ಲ, ಯಾವ ಕಡತವೂ ಕಳೆಯಲಿಲ್ಲ. ನಿರ್ದೇಶಕರು ತಮ್ಮ ಕೋಣೆಯ ಸೂಚನಾ ಫಲಕದಲ್ಲಿ "ಈ ತಿಂಗಳ ಪ್ರಮಾದಗಳು: ಸೊನ್ನೆ" ಎಂದು ಬರೆಸಿ, ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಸುರಕ್ಷತಾ ಪ್ರಶಸ್ತಿ ಸಮಿತಿಗೂ ಅರ್ಜಿ ಹೋಯಿತು. ಅರ್ಜಿ ಹೇಗೆ ಹೋಯಿತೆಂದರೆ, ನಿರ್ದೇಶಕರ ಅತ್ತೆಯವರು ತಮ್ಮ ಮನೆಯಿಂದ ಕಳಿಸಿದರು.

ಇಷ್ಟರಲ್ಲಿ ಕನ್ನಡಕದ ಮೇಡಂ ಲಿಫ್ಟಿನ ಹೊಸ ಪ್ರೋಗ್ರಾಂ ಬರೆದು ಮುಗಿಸಿದ್ದರು. ಯಂತ್ರದೊಳಗಿನ ಪರಿಶೀಲಕ ಅದನ್ನು ಓದಿ ಒಂದೂ ತಪ್ಪಿಲ್ಲವೆಂದು ಒಪ್ಪಿದ್ದ. ಹೊರಗಿನ ಪರಿಶೀಲಕರು ಒಪ್ಪಿರಲಿಲ್ಲ. ಏಕೆಂದರೆ ಪ್ರೋಗ್ರಾಂ ಜಾರಿಗೆ ಬರಲು ನಲವತ್ತೊಂದು ಪುಟದ ಕಡತದಲ್ಲಿ ನಿರ್ದೇಶಕರ ಒಂದು ಸಹಿ ಬೇಕಿತ್ತು. ಕಡತದ ಒಡತಿ ಮೇಡಂ. ಅವರು ಕಡತ ಹಿಡಿದು ನಿರ್ದೇಶಕರ ಕೋಣೆಗೆ ಹೊರಟರೆ ಹೊಸ್ತಿಲಲ್ಲೇ ಕಡತ ಪುಡಿ. ನಿರ್ದೇಶಕರು ಇವರ ಕೋಣೆಗೆ ಬಂದರೆ ನಿರ್ದೇಶಕರ ಮೇಜು, ಸೋಫಾ ಮತ್ತು ಅವರದೇ ಹೆಸರಿನಲ್ಲಿದ್ದ ನಿರ್ದೇಶಕ ಹುದ್ದೆ ಪುಡಿ. ಕಿಟಕಿಯಿಂದ ದಾಟಿಸೋಣವೆಂದರೆ, ಸಹಿ ಹಾಕುವುದು ತಿದ್ದಿದಂತೆ ಲೆಕ್ಕ. ನಿರ್ದೇಶಕರು ಸಹಿ ಹಾಕುವಾಗ ಮೇಡಂ ಕಡತವನ್ನು ನೋಡುವಂತಿಲ್ಲ. ಮೇಡಂ ನೋಡಿ ತೋರಿಸದೆ ಎಲ್ಲಿ ಸಹಿ ಹಾಕಬೇಕೆಂದು ನಿರ್ದೇಶಕರಿಗೆ ತಿಳಿಯುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಲ್ಲಿಗೆ ವಿಷಯ ಬಂದು ನಿಂತಿತು. ಲಿಫ್ಟುಗಳು ಎಂದಿನಂತೆ ಮಹಡಿಗಳ ನಡುವೆ ನಿಲ್ಲುತ್ತಲೇ ಇದ್ದವು.

ಎಂಬತ್ತೈದನೇ ದಿನ ಬೇಕಪ್ಪ ಮೇಡಂ ಕೋಣೆಗೆ ಹೋದ. ಅವನಲ್ಲಿ ಒಡೆತನದ ವಸ್ತು ಏನೂ ಇಲ್ಲದ್ದರಿಂದ ಇಡೀ ಕಚೇರಿಯಲ್ಲಿ ನಿರ್ಭಯವಾಗಿ ಓಡಾಡಬಲ್ಲವನು ಅವನೊಬ್ಬನೇ ಆಗಿದ್ದ.

"ಮೇಡಂ, ಇನ್ನೈದು ದಿನಕ್ಕೆ ನಾನು ಹೊರಟೆ. ಹೋಗೋ ಮುಂಚೆ ಒಂದು ಮಾತು ಕೇಳ್ಲಾ?"

"ಕೇಳಿ ಅಣ್ಣಾ." ಮೇಡಂ ಕಣ್ಣು ಒರೆಸಿಕೊಂಡರು. ಐದು ವಾರದಿಂದ ಅವರು ಆ ಕಡತದ ಮುಂದೆ ಕುಳಿತಿದ್ದರು.

"ಯಂತ್ರದೊಳಗೂ ಇದೇ ನಿಯಮ ಅಂತೀರಲ್ಲ. ಮತ್ತೆ ಅಲ್ಲಿ ಹೇಗೆ ಕೆಲಸ ನಡೀತಿದೆ? ಇಷ್ಟು ಕಟ್ಟುನಿಟ್ಟಲ್ಲಿ ಎಲ್ಲೂ ಒಂದು ಕಿಂಡಿ ಬಿಟ್ಟಿಲ್ವಾ?"

ಮೇಡಂ ತಲೆ ಎತ್ತಿದರು. "ಒಂದಿದೆ ಅಣ್ಣಾ. ಪರಿಶೀಲಕನಿಗೆ ಅರ್ಥವಾಗದ ಕೆಲಸ ಏನಾದ್ರೂ ಇದ್ರೆ, ಅದನ್ನ ಒಂದು ಆವರಣದೊಳಗೆ ಬರೀತೀವಿ. ಮೇಲೆ 'ಅಸುರಕ್ಷಿತ' ಅಂತ ಗುರುತು ಹಾಕ್ತೀವಿ. ಅದರೊಳಗೆ ಆತ ಅಷ್ಟಾಗಿ ಕೇಳೋಕೆ ಬರಲ್ಲ. ಎಡವಟ್ಟಾದ್ರೆ ಬರೆದೋರೇ ಹೊಣೆ. ಆದಷ್ಟು ಚಿಕ್ಕದಾಗಿರಬೇಕು, ಅಷ್ಟೇ."

"ಸುತ್ತೋಲೇಲಿ ಅದು ಇಲ್ವಲ್ಲ?"

"ಅದು ಪುಸ್ತಕದ ಕೊನೇಲಿದೆ. ಸಾರ್ ಎಂಟನೇ ಪುಟಕ್ಕೇ ಮುಚ್ಚಿದ್ರು."

ಬೇಕಪ್ಪ ಪುಸ್ತಕವನ್ನು ನೋಡುವುದಕ್ಕೆ ಮಾತ್ರವೆಂದು ಎರವಲು ಪಡೆದು, ಆ ಪುಟದ ಮಾತುಗಳನ್ನು ಒಡೆಯನಿಲ್ಲದ ಒಂದು ರದ್ದಿ ಹಾಳೆಯಲ್ಲಿ ನಕಲು ಮಾಡಿಕೊಂಡು, ನೇರ ನಿರ್ದೇಶಕರ ಮುಂದೆ ನಿಂತ. ನಿರ್ದೇಶಕರು ಎರಡು ಸಲ ಓದಿದರು.

"ಪುಸ್ತಕದಲ್ಲೇ ಇದ್ಯಾ ಇದು?"

"ಇದೆ ಸಾರ್."

"ಪುಸ್ತಕದಲ್ಲಿದ್ರೆ ಸರಿ. ಒಂದು ಸಹಿಗೆ ಎಷ್ಟು ಜಾಗ ಬೇಕು? ನಿನ್ನ ಪೊರಕೆ ಇಡೋ ಕೋಣೆ ಸಾಕಲ್ವಾ? ಸಹಿ ಆದ್ಮೇಲೆ ಮುಚ್ಚಿಬಿಡೋಣ. ಆದ್ರೆ ಹೊಣೆ ಯಾರದ್ದು?"

ಕೋಣೆಯಲ್ಲಿದ್ದ ನಾಲ್ವರು ಅಧಿಕಾರಿಗಳು ತಮ್ಮ ತಮ್ಮ ಬೂಟುಗಳನ್ನು ಪರೀಕ್ಷಿಸಿಕೊಂಡರು.

"ನನ್ನದು ಸಾರ್," ಎಂದ ಬೇಕಪ್ಪ. "ಆದ್ರೆ ಕೋಣೆ ಇರೋವರ್ಗೂ ಹೊಣೆಗಾರ ಇರಬೇಕು ಅಂತ ಬರವಣಿಗೇಲಿ ಆಗ್ಬೇಕು."

ಒಂದು ದಿನದ ಮಾತು ತಾನೇ ಎಂದು ನಿರ್ದೇಶಕರು ಹಾಗೆಯೇ ಬರೆದುಕೊಟ್ಟರು. ಅಸುರಕ್ಷಿತ ಕೋಣೆಗೆ ಹೋದವರನ್ನು ತಮ್ಮ ಕೋಣೆ ಬಿಟ್ಟವರೆಂದು ಪರಿಗಣಿಸತಕ್ಕದ್ದಲ್ಲ ಎಂಬ ಉಪಕಲಮನ್ನೂ ಸೇರಿಸಿದರು.

ಪೊರಕೆ ಕೋಣೆ ಎಂಟಡಿಗೆ ಹತ್ತಡಿ. ಬಾಗಿಲಿಗೆ "ಅಸುರಕ್ಷಿತ. ಇಲ್ಲಿ ನಡೆಯುವ ಸಮಸ್ತಕ್ಕೂ ಬೇಕಪ್ಪನವರೇ ಹೊಣೆ" ಎಂಬ ಫಲಕ ಬಿತ್ತು. ನಿರ್ದೇಶಕರು ಬಂದರು, ಮೇಡಂ ಬಂದರು. ಮೇಡಂ ಬೆರಳಿಟ್ಟು ತೋರಿಸಿದಲ್ಲಿ ನಿರ್ದೇಶಕರು ಸಹಿ ಹಾಕಿದರು. ಇಬ್ಬರೂ ಒಟ್ಟಿಗೆ ನೋಡಿದರು, ಒಬ್ಬರು ತಿದ್ದಿದರು, ಆಕಾಶ ಕಳಚಿ ಬೀಳಲಿಲ್ಲ. ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಹೊಸ ಪ್ರೋಗ್ರಾಂ ಅಂದೇ ಜಾರಿಗೆ ಬಂದು, ನಾನೂರ ಹನ್ನೆರಡು ಲಿಫ್ಟುಗಳೂ ಮಹಡಿಗಳ ನಡುವೆ ಒಂದು ಕ್ಷಣವೂ ನಿಲ್ಲದೆ ಓಡತೊಡಗಿದವು. ಇಷ್ಟು ಬೇಗ ಮೇಲೆ ಬಂದು ಏನು ಮಾಡಬೇಕೆಂದು ತೋಚದೆ ಜನ ಲಿಫ್ಟಿನ ಬಾಗಿಲಲ್ಲಿ ಮುಖ ಮುಖ ನೋಡಿಕೊಂಡು ನಿಂತರು. ಮೇಡಂ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು.

ಬೇಕಪ್ಪ ಮಾತ್ರ ಆ ಸಂಜೆ ಪೊರಕೆಗಳನ್ನು ಮೂಲೆಗೆ ಒರಗಿಸಿ, ಫಲಕವನ್ನು ನೋಡುತ್ತಾ ಕುಳಿತ. ನಾಳೆ ಕೋಣೆ ಮುಚ್ಚುತ್ತದೆ, ಕೋಣೆಯ ಜೊತೆ ತಾನೂ ಮುಗಿದಂತೆ.

ಮರುದಿನ ಬೆಳಿಗ್ಗೆ ಬೀಗ ಹಾಕಲು ಬಂದವನಿಗೆ ಬಾಗಿಲು ಕಾಣಲಿಲ್ಲ. ಸಾಲು ಅಷ್ಟು ಉದ್ದವಿತ್ತು. ಟಪಾಲು ಗುಮಾಸ್ತೆ ಅಂಟಿನ ಬಾಟಲಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. "ಬೇಕಪ್ಪಣ್ಣಾ, ಒಂದೇ ಒಂದು ಲಕೋಟೆ, ದಮ್ಮಯ್ಯ!" ಅವಳ ಹಿಂದೆ ಟೈಪಿಸ್ಟಮ್ಮ, ಅವರ ಹಿಂದೆ ಆ ನಾಲ್ವರು ಅಧಿಕಾರಿಗಳು. ಮೂರನೇ ಮೇಜಿನ ಗುಮಾಸ್ತ ತನ್ನ ಹದಿನಾಲ್ಕು ಕುರ್ಚಿಗಳನ್ನೂ ಎಳೆದು ತಂದಿದ್ದ. ಒಳಗೆ ಹೋದವನೇ ಯಾರು ಬೇಕಾದರೂ ಕೂತುಕೊಳ್ಳಿ ಎಂದು ಬಿಟ್ಟುಕೊಟ್ಟು, ಓಡಿಹೋಗಿ ನಾಲ್ಕು ಲೋಟ ನೀರು ಕುಡಿದು ಬಂದ. ಅವನ ಮುಖದಲ್ಲಿ ಕಳೆ ಬಂತು.

ಎಂಟಡಿ ಹತ್ತಡಿ ಸಾಲದಾಯಿತು. ಪಕ್ಕದ ಗೋಡೆ ಒಡೆದರು. ಆಮೇಲೆ ಅದರ ಪಕ್ಕದ್ದನ್ನೂ ಒಡೆದರು. ಸುತ್ತಿಗೆಗಳಿಗೆ ಕೆಲಸವಿಲ್ಲದ ವಿಲೇವಾರಿ ದಳದವರೇ ಉತ್ಸಾಹದಿಂದ ಒಡೆದುಕೊಟ್ಟರು. ಎರಡು ತಿಂಗಳಲ್ಲಿ ಇಲಾಖೆಯ ಇನ್ನೂರ ಹನ್ನೆರಡು ಮಂದಿಯೂ ಅಸುರಕ್ಷಿತ ಕೋಣೆಯಲ್ಲಿದ್ದರು. ಪರಿಶೀಲಕರೂ ತಮ್ಮ ಕೆಂಪು ಶಾಯಿ ಖಾಲಿಯಾಗಿದ್ದು, ಹೊಸ ಬಾಟಲಿ ತರುವ ಯೋಜನೆಯನ್ನು ತಾವೇ ಎರಡು ಸಲ ತಿರಸ್ಕರಿಸಿದ್ದರಿಂದ, ಅದನ್ನು ತುಂಬಿಸಿಕೊಳ್ಳಲು ಬಂದು ಅಲ್ಲೇ ಕಿಟಕಿ ಪಕ್ಕ ಒಂದು ಜಾಗ ಹಿಡಿದರು. ಮಿಕ್ಕ ನಾಲ್ಕು ಮಹಡಿಗಳು ಖಾಲಿಯಾಗಿ, ಸಂಪೂರ್ಣ ಸುರಕ್ಷಿತವಾಗಿ, ತಣ್ಣಗಿದ್ದವು. ಅಲ್ಲಿ ಪ್ರಮಾದವೆಂಬುದೇ ಇರಲಿಲ್ಲ.

ಅಸುರಕ್ಷಿತ ಕೋಣೆಯಲ್ಲಿ ಯಾವುದಕ್ಕೂ ಇಂಥವರೇ ಒಡೆಯರೆಂದಿರಲಿಲ್ಲವಾಗಿ ಕಸ ಬೀಳತೊಡಗಿತು. ಬೇಕಪ್ಪ ಯಾರನ್ನೂ ಕೇಳದೆ ಹನ್ನೆರಡಕ್ಕೆ ಸರಿಯಾಗಿ ಕೈಗಾಡಿ ಹೊರತೆಗೆದ. ಇನ್ನೂರ ಹನ್ನೆರಡು ಜನರೂ ಇದ್ದಲ್ಲೇ ನಿಂತರು. ಆಕಳಿಸುತ್ತಿದ್ದ ನಿರ್ದೇಶಕರು ಬಾಯಿ ತೆರೆದುಕೊಂಡೇ ಕಾದರು. ಬೇಕಪ್ಪನ ಎದೆ ತುಂಬಿ ಬಂತು. ಹುದ್ದೆ ರದ್ದಾಗಿಯೇ ಇತ್ತು, ಅದನ್ನು ತಿದ್ದಲು ಯಾರೂ ಹೋಗಲಿಲ್ಲ. ಅವನು ಹೊಣೆಗಾರನಾಗಿ ಉಳಿದ. ಹೆಂಡತಿ ಪಕ್ಕದ ಮನೆಯವರಿಗೆಲ್ಲ ಸಿಹಿ ಹಂಚಿ, ಹೊಸ ಸ್ವೆಟರಿಗೆ ಮೊದಲ ಹೆಣಿಗೆ ಹಾಕಿದಳು.

ಸುರಕ್ಷತಾ ಪ್ರಶಸ್ತಿ ಸಮಿತಿಯವರು ಒಂದು ಬುಧವಾರ ತಪಾಸಣೆಗೆ ಬಂದರು. ಖಾಲಿ ಮಹಡಿಗಳಲ್ಲಿ ಒಂದು ಗಂಟೆ ಓಡಾಡಿ, ಇಷ್ಟು ಸ್ವಚ್ಛ, ಇಷ್ಟು ಶಾಂತ, ಇಷ್ಟು ನಿರ್ದೋಷವಾದ ಕಚೇರಿಯನ್ನು ತಾವು ಕಂಡಿಲ್ಲವೆಂದರು. ವರದಿಗೆ ಸಹಿ ಹಾಕಲು ಮಾತ್ರ ಒಂದು ಕುರ್ಚಿ ಬೇಕಾಯಿತು. ಅವರನ್ನು ಅಸುರಕ್ಷಿತ ಕೋಣೆಗೆ ಕರೆತರಲಾಯಿತು. ಅಧ್ಯಕ್ಷರು ಕುಳಿತು ವರದಿಯ ನಮೂನೆ ಬಿಡಿಸುವ ಹೊತ್ತಿಗೆ ಗಂಟೆ ಹನ್ನೆರಡಾಗಿತ್ತು. ಎಲ್ಲರೂ ನಿಂತಲ್ಲೇ ನಿಂತರು. ಪದ್ಧತಿ ಇರಬಹುದೆಂದು ಸಮಿತಿಯ ಸದಸ್ಯರೂ ನಿಂತರು.

"ಕೊನೇ ಪ್ರಶ್ನೆ," ಎಂದರು ಅಧ್ಯಕ್ಷರು, ಪೆನ್ನಿನ ಕ್ಯಾಪು ತೆಗೆಯುತ್ತಾ. "ಈ ಕಚೇರೀಲಿ ಕಸ ಗುಡಿಸೋರು ಎಷ್ಟು ಜನ?"

"ಒಬ್ಬರೂ ಇಲ್ಲ ಸಾರ್," ಎಂದರು ನಿರ್ದೇಶಕರು, ತುಟಿ ಮಾತ್ರ ಅಲುಗಿಸಿ. "ಅದೇ ನಮ್ಮ ಹೆಗ್ಗಳಿಕೆ."

"ಸಾರ್, ಸ್ವಲ್ಪ ಕಾಲು," ಎಂದ ಬೇಕಪ್ಪ, ಪೊರಕೆ ಹಿಡಿದು ಬಗ್ಗಿ.

ಅಧ್ಯಕ್ಷರು ಎರಡೂ ಕಾಲುಗಳನ್ನು ಮೇಲಕ್ಕೆತ್ತಿ ಹಿಡಿದು, ಬೇಕಪ್ಪ ಕುರ್ಚಿಯಡಿ ಗುಡಿಸಿ ಮುಗಿಸುವವರೆಗೂ ಹಾಗೆಯೇ ಕುಳಿತು, ನಮೂನೆಯಲ್ಲಿ ದುಂಡಗೆ ಒಂದು ಸೊನ್ನೆ ಬರೆದರು.